ಮನೆಯಲ್ಲಿ ಬಿಟ್ಟು ಬಂದ ದನಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲ ಮಗಳಿದ್ದವನಿಗೆ ಊಟವೇ ಇಲ್ಲ. ಗಾದೆ ಹೀಗಲ್ಲ ಎಂದು ನೀವು ಹುಬ್ಬೇರಿಸಬಹುದು. ಆದರೆ ಗಾದೆ ಕಟ್ಟಿದ ಹಿರಿಯರು ಯಾರೂ ನನ್ನ ಮಗಳು ಮೃದುಲಾಳ ಕೈ ಹಿಡಿದು ಹಸಿದ ಹೊಟ್ಟೆಯಲ್ಲಿ ನಮ್ಮೂರ ಪೇಟೆಬೀದಿ ದಾಟಿದವರಲ್ಲ. ಮುನ್ನೂರು ಹೆಜ್ಜೆಯ ದಾರಿ. ಮುನ್ನೂರು ಹೆಜ್ಜೆಗೆ ಮೂವತ್ತು ಜನ, ಒಬ್ಬೊಬ್ಬರಿಗೂ ಅವಳ ಮೂರು ಮೂರು ಪ್ರಶ್ನೆ. ನಾವು ಮನೆ ಮುಟ್ಟುವ ಹೊತ್ತಿಗೆ ಸಾರು ಆರಿರುತ್ತದೆ, ಸಾರು ಮಾಡಿದವಳು ಕುದಿಯುತ್ತಿರುತ್ತಾಳೆ. ಇರಲಿ, ಗಾದೆ ಸುಳ್ಳಾದರೂ ನಾನೀಗ ಹೇಳುವುದು ಸುಳ್ಳಲ್ಲ, ನಡೆದದ್ದು ನಡೆದ ಹಾಗೆ. ನಂಬಿಕೆ ಬಾರದಿದ್ದರೆ ಕಲ್ಲನ್ನೇ ಕೇಳಿ.

ಕಲ್ಲು ಎಂದರೆ ನಮ್ಮ ಪೇಟೆಯ ನಡುವೆ ಆನೆ ಕೂತ ಹಾಗೆ ಕೂತಿರುವ ಕರಿಬಂಡೆ. ಅದರ ಮುಂದೆ ಇವತ್ತು ಆಡಿದ ಮಾತು ನಾಳೆ ಅದೇ ಹೊತ್ತಿಗೆ, ಅದೇ ದನಿಯಲ್ಲಿ ಮರಳಿ ಬರುತ್ತದೆ. ನಾವು ಹುಟ್ಟಿದಾಗಿನಿಂದ ಹೀಗೇ, ನಮ್ಮಜ್ಜ ಹುಟ್ಟಿದಾಗಲೂ ಹೀಗೇ ಇತ್ತಂತೆ. ತರಕಾರಿ ರುದ್ರಕ್ಕ ಹೀರೇಕಾಯಿ ಹರಡಿಕೊಂಡು ಕೂತಿರುವಾಗ ಅವಳ ನೆತ್ತಿಯ ಮೇಲೆ ಅವಳದೇ ದನಿ ನಿನ್ನೆಯ ಎಳೇ ಬದನೆಕಾಯಿಯನ್ನು ಮಾರುತ್ತಿರುತ್ತದೆ. ಗಿರಾಕಿಗಳು ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಪ್ರೇಮಿಗಳು ಆ ಕಡೆ ಸುಳಿಯುವುದಿಲ್ಲ. ಹೊರಗಿನ ಊರಿನಲ್ಲಿ ಹುಟ್ಟಿದವರ ದನಿಯನ್ನು ಮಾತ್ರ ಕಲ್ಲು ಇಟ್ಟುಕೊಳ್ಳುವುದಿಲ್ಲ. ಹೀಗಾಗಿ ಪೇಟೆಯಲ್ಲಿ ನಿಂತು ಜಗಳವಾಡುವ ಜವಾಬ್ದಾರಿ ತಲೆಮಾರುಗಳಿಂದ ಹೊರಗಿನಿಂದ ಬಂದ ಸೊಸೆಯಂದಿರದು. ಎಷ್ಟು ಬೈದರೂ ಸಾಕ್ಷಿ ಉಳಿಯುವುದಿಲ್ಲವಲ್ಲ. ಹೆಣ್ಣು ನೋಡಲು ಹೋದಾಗ ನಮ್ಮೂರ ಅತ್ತೆಯರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, ಗಂಟಲು ಹೇಗಿದೆ ಎಂದು ಕೇಳುತ್ತಾರೆ.

ನಾನು ಬಿ.ಎ. ಮಾಡಿದವನು. ಓದಿದ್ದು ತರ್ಕಶಾಸ್ತ್ರ, ಅನ್ನ ಹಾಕುತ್ತಿರುವುದು ಕಿವಿ. ಬಂಡೆಯ ಪಕ್ಕದ ಗೂಡಿನಂಥ ಕೋಣೆಯಲ್ಲಿ, ಗೋಣಿಪರದೆಯ ಹಿಂದೆ ಕೂತು, ಮರಳಿ ಬಂದ ಮಾತು ಯಾರದೆಂದು ಪುಸ್ತಕದಲ್ಲಿ ಬರೆಯುವ ಗುಮಾಸ್ತ. ‘ನಾನು ಹಾಗಂದೇ ಇಲ್ಲ’ ಎಂದು ಯಾರಾದರೂ ತಗಾದೆ ತೆಗೆದರೆ ಊರವರು ವಾದಿಸುವುದಿಲ್ಲ, ಒಂದು ದಿನ ಕಾಯುತ್ತಾರೆ. ಮಾರನೇ ದಿನ ನಾನು ಕೇಳಿ, ಹೆಸರು ಬರೆದು, ಪುಸ್ತಕವನ್ನು ಕಿಟಕಿಯಿಂದ ಹೊರಗೆ ಚಾಚುತ್ತೇನೆ. ಊರಿನಲ್ಲಿ ಬಾಯಿ ತೆರೆಯುವ ಅಗತ್ಯವೇ ಇಲ್ಲದ ಒಂದೇ ಒಂದು ಉದ್ಯೋಗ ಇದು, ಅದಕ್ಕೇ ಹಿಡಿದುಕೊಂಡೆ. ಎದುರಿಗೆ ಇಬ್ಬರಿಗಿಂತ ಹೆಚ್ಚು ಜನ ನಿಂತರೆ ನನ್ನ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಮದುವೆಮನೆಗಳಲ್ಲಿ ನಾನು ಕಂಬದ ಹಿಂದೆ ಊಟ ಮಾಡಿ ಕಂಬದ ಹಿಂದಿನಿಂದಲೇ ಮನೆಗೆ ಹೋಗುವವನು.

ಆದರೆ ಇಪ್ಪತ್ತು ವರ್ಷ ಊರಿನ ದನಿಗಳನ್ನೇ ಕೇಳಿದವನ ಗಂಟಲಲ್ಲಿ ಅವು ಬಿಡಾರ ಹೂಡದೆ ಬಿಡುತ್ತವೆಯೇ? ಊಟವಾದ ಮೇಲೆ, ಬಾಗಿಲು ಹಾಕಿ, ಅಗುಳಿ ಇಟ್ಟು, ನಾನು ಅವುಗಳನ್ನು ಹೊರಗೆ ಬಿಡುತ್ತಿದ್ದೆ. ಪ್ರೇಕ್ಷಕರು ಹೆಂಡತಿ ಕಸ್ತೂರಿ ಮತ್ತು ಮೃದುಲಾ. ಮಗಳು ಹೋಟೆಲಿನಲ್ಲಿ ತಿಂಡಿ ಹೇಳಿದ ಹಾಗೆ ಹೇಳುತ್ತಿದ್ದಳು: ಒಂದು ರುದ್ರಕ್ಕ, ಒಂದು ಕಟಿಂಗ್ ಶಾಪಿನ ಲೋಕೇಶಣ್ಣ, ಕೊನೆಗೆ ಒಂದು ಕಟ್ಟೆ ಯಜಮಾನ ಸಿದ್ರಾಮಜ್ಜ, ಖಾರ ಜಾಸ್ತಿ. ನಾನು ಬಡಿಸುತ್ತಿದ್ದೆ. ಅವಳು ಚಾಪೆಯ ಮೇಲೆ ಉರುಳಾಡಿ ನಗುತ್ತಿದ್ದಳು. ಎಲ್ಲ ಮುಗಿದ ಮೇಲೆ ಪ್ರತಿದಿನ ಒಂದೇ ಬೇಡಿಕೆ: “ಈಗ ಅಪ್ಪನ್ನ ಮಾಡು.” ಅಪ್ಪನ ಅಂಗಡಿ ಬಾಗಿಲು ಹಾಕಿದೆ ಎಂದು ರುದ್ರಕ್ಕನ ದನಿಯಲ್ಲಿ ಹೇಳಿ ನಾನು ದೀಪ ಸಣ್ಣಗೆ ಮಾಡುತ್ತಿದ್ದೆ.

ಮೃದುಲಾ ಎಂದು ಹೆಸರಿಟ್ಟವನು ನಾನೇ. ಅದು ಹೆಸರಲ್ಲ, ಹರಕೆ. ಅದು ಫಲಿಸಲಿಲ್ಲ ಎಂಬುದು ಹನ್ನೊಂದನೇ ತಿಂಗಳಿಗೇ ಗೊತ್ತಾಯಿತು. ನನಗೆ ನಾಲ್ಕು ಜನ ಕಂಡರೆ ಬೆವರು, ಅವಳಿಗೆ ಹಬ್ಬ. ಅವಳು ಮುಂದೆ, ಅವಳ ನೀರಿನ ಬಾಟಲಿ ಹಿಡಿದು ನಾನು ಹಿಂದೆ, ಮೆರವಣಿಗೆಯಲ್ಲಿ ಪಂಜು ಹಿಡಿದವನ ಹಾಗೆ. ಯಾರಾದರೂ ನನ್ನನ್ನು ಮಾತಾಡಿಸಿ ನಾನು ತಡವರಿಸಿದರೆ ಅವಳೇ ಸಮಾಧಾನ ಹೇಳುತ್ತಿದ್ದಳು: “ನಮ್ಮಪ್ಪಂಗೆ ಮಾತು ಬರುತ್ತೆ. ಮನೇಲಿ ಬಿಟ್ಟು ಬಂದಿದ್ದಾರೆ.” ಛತ್ರಿ, ಚಪ್ಪಲಿ ಬಿಟ್ಟು ಬಂದ ಹಾಗೆ.

ನಾಚಿಕೆಯಿಂದ ನೆಲ ನೋಡುತ್ತಿದ್ದರೂ ಒಳಗೊಳಗೇ ನನ್ನ ಎದೆ ಎರಡು ಗೇಣು ಉಬ್ಬುತ್ತಿದ್ದದ್ದನ್ನು ಮುಚ್ಚಿಡುವುದಿಲ್ಲ. ಕಲ್ಲಿನ ಹತ್ತಿರವೇ ಎದುರುಬದುರು ಅಂಗಡಿಯ ಅಣ್ಣತಮ್ಮಂದಿರು ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದರು. ಊರಿನ ಹಿರಿಯರೆಲ್ಲ ಸೋತ ಕೆಲಸ. ಒಂದು ಬೆಳಿಗ್ಗೆ ಮೃದುಲಾ ನಡುರಸ್ತೆಯಲ್ಲಿ ನಿಂತು, ಇಬ್ಬರ ಮುಖವನ್ನೂ ಆ ಕಡೆ ಈ ಕಡೆ ನೋಡಿ, ನಿಮ್ಮಿಬ್ಬರದೂ ಒಂದೇ ಮೂಗಲ್ವಾ, ಮೊದಲು ಯಾರ ಹತ್ರ ಇತ್ತು ಎಂದು ಕೇಳಿದಳು. ದೊಡ್ಡವನು ತನ್ನದೇ ಮೊದಲು ಎಂದ. ಅಪ್ಪಂದು ಮೊದಲು ಎಂದ ಚಿಕ್ಕವನು. ಮಾರನೇ ದಿನ ಅದೇ ಹೊತ್ತಿಗೆ ಕಲ್ಲು ಆ ಎರಡು ಮಾತನ್ನೂ ಮರಳಿಸಿತು. ನಾನು ಎರಡು ಹೆಸರನ್ನು ಒಂದೇ ಸಾಲಿನಲ್ಲಿ, ಒಂಬತ್ತು ವರ್ಷದಲ್ಲಿ ಮೊದಲ ಸಲ, ದುಂಡಗೆ ಬರೆದೆ.

ಗಮನಿಸಿದಿರಾ, ಮರಳಿ ಬಂದದ್ದು ಎರಡೇ ಮಾತು. ಮೃದುಲಾ ಕೇಳಿದ ಪ್ರಶ್ನೆ ಬರಲಿಲ್ಲ. ಹೆಸರು ಕೂಗದ ಮಗುವಿನ ದನಿಯನ್ನೂ ನಮ್ಮ ಕಲ್ಲು ಇಟ್ಟುಕೊಳ್ಳುವುದಿಲ್ಲ. ಮಗುವಿಗೆ ಆರು ತುಂಬುವುದರೊಳಗೆ ಹೆತ್ತವರಲ್ಲಿ ಒಬ್ಬರು ಕಲ್ಲಿನ ಮೆಟ್ಟಿಲ ಮೇಲೆ ನಿಂತು, ಇದು ನನ್ನ ಮಗು, ಇಂಥ ಹೆಸರು ಎಂದು ಕೂಗಬೇಕು. ಮಗು ಕೆಳಗಿನಿಂದ ‘ಓ’ ಅನ್ನಬೇಕು. ಮಾರನೇ ದಿನ ಎರಡೂ ಮರಳಿದರೆ ಕಲ್ಲಿನೆದುರಿನ ಕಟ್ಟೆಯಲ್ಲಿ ಕೂತು ನ್ಯಾಯ ಹೇಳುವ ಯಜಮಾನರು ಒಪ್ಪಿ ತಲೆಯಾಡಿಸುತ್ತಾರೆ, ಮಗು ಊರಿನದಾಗುತ್ತದೆ. ಆರು ದಾಟಿದರೆ ಮುಗಿಯಿತು, ಎಷ್ಟು ಕೂಗಿದರೂ ಕಲ್ಲು ಕಲ್ಲೇ. ಹಾಗೆ ತಪ್ಪಿಹೋದವರು ಊರಲ್ಲಿ ಇಬ್ಬರಿದ್ದಾರೆ. ಮಾತಾಡುತ್ತಾರೆ, ಆದರೆ ನಡುವೆ ನಿಲ್ಲಿಸಿ ಸುತ್ತ ನೋಡುತ್ತಾರೆ, ಯಾರಾದರೂ ಕೇಳಿಸಿಕೊಂಡರೇ ಎಂದು.

ಮೃದುಲಾ ದಿನಾ ಸಂಜೆ ಐದಕ್ಕೆ ಕಲ್ಲಿನ ಮುಂದೆ ಕೂತು ಅವತ್ತಿನ ವರದಿ ಒಪ್ಪಿಸುತ್ತಿದ್ದಳು. ಮಾರನೇ ದಿನ ಐದಕ್ಕೆ ಕೆನ್ನೆಯನ್ನು ಬಂಡೆಗೆ ಒತ್ತಿ ಕಾಯುತ್ತಿದ್ದಳು. ಅವಳ ಓರಗೆಯ ಮಕ್ಕಳ ಕೇಕೆ ಬರುತ್ತಿತ್ತು, ಅವಳದು ಇರಬೇಕಾದ ಜಾಗದಲ್ಲಿ ತೂತು. ಒಂದು ದಿನ ಕಲ್ಲಿನ ಮುಂದೆ ಒಂದು ಹಿಡಿ ಮಂಡಕ್ಕಿ ಇಟ್ಟು ಬಂದು ನನಗೆ ಹೇಳಿದಳು: “ಎಲ್ಲರಿಗೂ ನಾನು ಇಷ್ಟ ಅಪ್ಪಾ. ಇದಕ್ಕೆ ಮಾತ್ರ ಇಲ್ಲ. ಇದರ ಹತ್ರ ಇನ್ನೂ ಚೆನ್ನಾಗಿ ಮಾತಾಡ್ಬೇಕೇನೋ.” ಕಲ್ಲಿನದೇನೂ ತಪ್ಪಿಲ್ಲ, ತಪ್ಪು ಅದರ ಪಕ್ಕದ ಪರದೆಯ ಹಿಂದೆ ಕೂತಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಕೂಗಲು ನಾನು ಹೋಗಿರಲಿಲ್ಲವೆಂದಲ್ಲ. ಮೂರು ಸಲ ಹೋಗಿದ್ದೆ. ಮೊದಲ ಸಲ ಮೆಟ್ಟಿಲು ಹತ್ತಿ, ಜನ ತಿರುಗಿದ್ದನ್ನು ನೋಡಿ, ಕೆಮ್ಮಿ ಇಳಿದೆ. ಮಾರನೇ ದಿನ ಇಡೀ ಪೇಟೆ ನನ್ನ ಕೆಮ್ಮನ್ನು ಕೇಳಿತು, ಲೋಕೇಶ ಶುಂಠಿ ಕಷಾಯ ಕಳಿಸಿಕೊಟ್ಟ. ಎರಡನೇ ಸಲ ಒಂದು ಕಟ್ಟು ಮೆಂತ್ಯ ಸೊಪ್ಪು ಕೊಂಡು ಮನೆಗೆ ಬಂದೆ. ಮೂರನೇ ಸಲವೂ ಮೆಂತ್ಯ ಸೊಪ್ಪು. ಕಸ್ತೂರಿಯ ಸಹನೆ ಮೆಂತ್ಯಕ್ಕಿಂತ ಕಹಿಯಾಯಿತು. ಅವಳು ಹೊಳೆಯಾಚೆಯ ಊರಿನವಳು, ಅವಳ ದನಿ ಕಲ್ಲಿಗೆ ಬೇಡ. “ನಾ ಒದರಿದ್ದು ಬರ್ತಿದ್ರ ಆಕಿ ಹುಟ್ಟಿದ ದಿನಾನ ಒದರಿರ್ತಿದ್ದೆ. ಹಡಿಯೂದು ನನಗ ಬಿಟ್ರಿ, ಒದರೂದರ ನೀವು ಮಾಡ್ರಿ,” ಎಂದಳು. ಮಗಳಿಗೆ ಆರು ತುಂಬಲು ಆಗ ಮೂರು ದಿನ ಉಳಿದಿತ್ತು.

ಮಾರನೇ ದಿನ ಮಧ್ಯಾಹ್ನ ಎರಡೂವರೆಗೆ, ಊರು ಉಂಡು ಅಡ್ಡಾಗಿದ್ದ ಹೊತ್ತಿನಲ್ಲಿ, ನಾನು ಪರದೆ ಸರಿಸಿ ಹೊರಬಂದು ಮೆಟ್ಟಿಲು ಹತ್ತಿದೆ. ಪೇಟೆಯಲ್ಲಿ ಒಂದು ನಾಯಿ, ಅದೂ ಕಣ್ಣು ಮುಚ್ಚಿತ್ತು. ಬಾಯಿ ತೆರೆದೆ. ಇದನ್ನು ನಾಳೆ ಎಲ್ಲರೂ ಕೇಳುತ್ತಾರೆ ಎಂಬುದು ನೆನಪಾಯಿತು. ದನಿ ಬರಲಿಲ್ಲ. ನನ್ನದು ಬರಲಿಲ್ಲ. ಆದರೆ ಮನೆಯಲ್ಲಿ ಪ್ರತಿದಿನ ಕೊನೆಗೆ ಬಡಿಸುವ ಆ ಖಾರದ ದನಿ ಗಂಟಲ ತುದಿಯಲ್ಲೇ ಕೂತಿತ್ತು. ಇಲ್ಲಿ ನನ್ನ ತರ್ಕಶಾಸ್ತ್ರ ಕೈಕೊಟ್ಟಿತು. ಹೊರಗಿನವರು ಯಾರು, ಊರಿನವರು ಯಾರು ಎಂದು ಕಲ್ಲಿಗೆ ಗೊತ್ತು. ಅಂದರೆ ಕಲ್ಲು ಆಳನ್ನು ಗುರುತು ಹಿಡಿಯುತ್ತದೆ. ಅಂದರೆ ನಾನು ಯಾರ ದನಿಯಲ್ಲಿ ಕೂಗಿದರೂ ಅದು ಸಿಪ್ಪೆ ಸುಲಿದು ಒಳಗಿನ ನನ್ನ ದನಿಯನ್ನೇ ಮರಳಿಸುತ್ತದೆ. ಹೀಗೆಂದು ಸಿದ್ಧಾಂತ ಮಾಡಿ, ಕಟ್ಟೆ ಯಜಮಾನ ಸಿದ್ರಾಮಣ್ಣನವರ ದನಿಯಲ್ಲಿ, ಅವರ ಹಾಗೇ ಕಲ್ಲು ತುಂಬಿದ ಗಾಡಿ ಮಗುಚಿದಂತೆ ಗಂಟಲು ಸರಿಮಾಡಿಕೊಂಡು, ಕೂಗಿಬಿಟ್ಟೆ. ‘ಓ’ ಅನ್ನಲು ಮಗಳೇ ಅಲ್ಲಿಲ್ಲ ಎಂಬುದು ಹೊಳೆದದ್ದು ಕೆಳಗಿಳಿದ ಮೇಲೆ. ಮೊದಲು ಇದು ಬರಲಿ, ಅದನ್ನು ಆಮೇಲೆ ಸೇರಿಸಿದರಾಯಿತು ಎಂದುಕೊಂಡೆ. ತರ್ಕಕ್ಕೆ ಅಷ್ಟು ದಾರಿ ಸಿಕ್ಕರೆ ಸಾಕು.

ಸಿದ್ರಾಮಣ್ಣನವರಿಗೆ ಎಪ್ಪತ್ತೊಂದು ವರ್ಷ. ನಲವತ್ತು ವರ್ಷದಿಂದ ಕಟ್ಟೆಯ ಯಜಮಾನಿಕೆ, ತಲೆಯ ಮೇಲೆ ಕೇಸರಿ ಪೇಟ, ಪೇಟೆಗೆ ಮುಖಮಾಡಿದ ಮನೆ. ಮುಖದಲ್ಲಿ ನಗು ಕಂಡವರಿಲ್ಲ. ಮಾತು ಹಿಂತೆಗೆದುಕೊಳ್ಳಲು ಬಂದವರಿಗೆಲ್ಲ ಅವರು ಹೇಳುತ್ತಿದ್ದದ್ದು ಒಂದೇ ವಾಕ್ಯ: ಕಲ್ಲು ಸುಳ್ಳು ಹೇಳಲ್ಲ. ಮಾರನೇ ದಿನ ಎರಡೂವರೆಗೆ ಅವರು ಜಗಲಿಯ ಮೇಲೆ ಬೀಸಣಿಗೆ ಎದೆಗಿಟ್ಟುಕೊಂಡು ನಿದ್ದೆ ಮಾಡುತ್ತಿದ್ದರು. ಆಗ ಕಲ್ಲು ಗಂಟಲು ಸರಿಮಾಡಿಕೊಂಡು, ಕಾಗೆಗಳು ಹಾರುವಂತೆ, ಸಿದ್ರಾಮಣ್ಣನವರದೇ ದನಿಯಲ್ಲಿ ಸಾರಿತು: “ಏನಪ್ಪಾ ಅಂದ್ರೆ, ಇವಳು ನನ್ನ ಮಗಳು. ಮೃದುಲಾ!”

ತಮ್ಮದೇ ದನಿಗೆ ಬೆಚ್ಚಿ ಎದ್ದವರನ್ನು ನಾನು ಮೊದಲ ಸಲ ನೋಡಿದೆ. ಒಳಗಿನಿಂದ ಅವರ ಹೆಂಡತಿ ನೀಲವ್ವ ಲಟ್ಟಣಿಗೆ ಸಮೇತ ಬಂದರು. ಅವರೂ ಹೊರಗಿನಿಂದ ಬಂದ ಸೊಸೆಯೇ, ಸಾಕ್ಷಿಯ ಭಯವಿಲ್ಲ. ಎಪ್ಪತ್ತೊಂದಕ್ಕೆ ಮಗಳು ಹುಟ್ಟಿದ್ದು ಯಾವ ಮನೆಯಲ್ಲಿ ಎಂಬಲ್ಲಿಂದ ಶುರುಮಾಡಿ ಮದುವೆಯ ಕಾಲದ ಲೆಕ್ಕದವರೆಗೂ ಹೋದರು. ಊರೆಲ್ಲ ಎದ್ದು ಬಂತು. ಸಿದ್ರಾಮಣ್ಣನವರು ಒಂದು ಮಾತು ಹೇಳಿದ್ದರೆ ಸಾಕಿತ್ತು, ಕಲ್ಲು ತಪ್ಪಿದೆ ಎಂದು. ಹೇಳಲಿಲ್ಲ. ನಲವತ್ತು ವರ್ಷ ಬೇರೆಯವರಿಗೆ ಹೇಳಿದ್ದನ್ನು ತಮ್ಮ ಸರದಿ ಬಂದಾಗ ಬದಲಿಸುವ ಜಾತಿಯಲ್ಲ ಅವರದು. “ನಿಜ ಕಣೇ. ನಿದ್ದೆಗಣ್ಣಲ್ಲಿ ಬಂದು ಕೂಗಿದೀನೇನೋ. ಹೌದು ಕಣೇ. ಇಲ್ಲ ಕಣೇ. ತಾಳು ಕಣೇ,” ಎನ್ನುತ್ತ, ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡು ನನ್ನ ಕಿಟಕಿಗೆ ಬಂದರು. ಬುದ್ಧಿ ಹಿಡಿತದಲ್ಲಿಲ್ಲದವನಿಗೆ ಯಜಮಾನಿಕೆ ಸಲ್ಲದು, ಇವತ್ತಿಗೆ ಸಾಕು ಎಂದರು. ಆಮೇಲೆ ಮೆಲ್ಲಗೆ: “ಬರಿಯಪ್ಪಾ ವಿರೂಪಾಕ್ಷಿ. ನನ್ನ ಹೆಸರೇ ಬರಿ.”

ಲೇಖನಿ ಶಾಯಿಯಲ್ಲಿ ಅದ್ದಿದೆ, ಎತ್ತಿದೆ, ಮತ್ತೆ ಅದ್ದಿದೆ. ಆಗ ಗೋಣಿಪರದೆಯ ಕೆಳಗಿನಿಂದ ಒಂದು ತಲೆ ಒಳಗೆ ಬಂತು. ಮೃದುಲಾ. ಮಧ್ಯಾಹ್ನದ ನಿದ್ದೆ ಎಂದರೇನೆಂದು ತಿಳಿಯದವಳು ರುದ್ರಕ್ಕನ ಬುಟ್ಟಿಯ ಪಕ್ಕ ಕೂತು ಎಲ್ಲವನ್ನೂ ಕೇಳಿದ್ದಳು. ಊರಿಗೆಲ್ಲ ಆ ದನಿ ಒಂದೇ. ಅವಳಿಗೆ ಮಾತ್ರ ಸಿದ್ರಾಮಜ್ಜ ಬೇರೆ, ಅಪ್ಪ ಮಾಡುವ ಸಿದ್ರಾಮಜ್ಜ ಬೇರೆ. ಅವಳು ನನ್ನ ಮೊಣಕಾಲು ಹಿಡಿದು, ಹುಟ್ಟಿದಾಗಿನಿಂದ ಎಂದೂ ಮಾಡದ ಕೆಲಸ ಮಾಡಿದಳು. ಮಾತಾಡುವ ಮುಂಚೆ ಅಪ್ಪಣೆ ಕೇಳಿದಳು. “ಹೇಳ್ಲಾ ಅಪ್ಪಾ? ನಾನು ಹೇಳ್ತೀನಿ. ನಿಂಗೆ ಕಷ್ಟ ಆಗುತ್ತಲ್ಲ.”

ಐದು ವರ್ಷ ಮುನ್ನೂರ ಅರವತ್ತನಾಲ್ಕು ದಿನದ ಆ ಪುಟ್ಟ ಮುಖ ನನ್ನ ಬದಲು ಹೊರಗೆ ಹೋಗಲು ಸಿದ್ಧವಾಗಿ ನಿಂತಿತ್ತು. ಈ ಊರಲ್ಲಿ ಇಷ್ಟು ದಿನ ನನ್ನ ಪಾಲಿನ ನಮಸ್ಕಾರ, ನನ್ನ ಪಾಲಿನ ಕುಶಲ, ನನ್ನ ಪಾಲಿನ ಕ್ಷಮೆಗಳನ್ನೆಲ್ಲ ಅವಳೇ ಹೇಳಿ ಮುಗಿಸಿದ್ದಳು. ಇದೊಂದನ್ನೂ ಅವಳ ಕೈಯಲ್ಲಿ ಹೇಳಿಸಿದರೆ ನನ್ನಂಥವನಿಗೆ ಅಂಥ ಮಗಳು ಇದ್ದದ್ದು ದಂಡ. ಬೇಡ ಎಂದು ತಲೆಯಾಡಿಸಿ, ಅವಳ ಕೈ ಹಿಡಿದು, ಪರದೆ ಸರಿಸಿದೆ.

ಎದುರಿಗೆ ಇಡೀ ಪೇಟೆ. ನಾಲಿಗೆ ಅಂಗುಳಕ್ಕೆ ಅಂಟಿತು. ಬಿಡಿಸಲು ಇದ್ದದ್ದು ಒಂದೇ ಕೀಲಿ. ಸಿದ್ರಾಮಣ್ಣನವರ ಗಂಟಲಿನ ಗಾಡಿ ಮಗುಚಿದೆ: “ಏನಪ್ಪಾ ಅಂದ್ರೆ, ಕೂಗಿದ್ದು ನಾನಲ್ಲ. ಈ ವಿರೂಪಾಕ್ಷಿ.” ಸಿದ್ರಾಮಣ್ಣನವರು ತಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡು, ಅದು ಮುಚ್ಚಿದೆಯೇ ಎಂದು ನೋಡಿಕೊಂಡರು. ನೀಲವ್ವನವರ ಲಟ್ಟಣಿಗೆ ಗಾಳಿಯಲ್ಲೇ ನಿಂತಿತು. ಮೂಕ ಎಂದು ಅರ್ಧ ಊರು ನಂಬಿದ್ದ ಗುಮಾಸ್ತ ಆಮೇಲೆ ರುದ್ರಕ್ಕನ ದನಿಯಲ್ಲಿ ಒಂದು ಕೆಮ್ಮು, ಎರಡು ಮೆಂತ್ಯದ ಕಥೆ ಹೇಳಿದ, ಲೋಕೇಶನ ದನಿಯಲ್ಲಿ ತರ್ಕದ ತಪ್ಪು ಒಪ್ಪಿಕೊಂಡ. ಯಾರೂ ನಗಲಿಲ್ಲ. ಎಲ್ಲರೂ ಸಿದ್ರಾಮಣ್ಣನವರ ಮುಖ ನೋಡುತ್ತಿದ್ದರು. ಅವರು ಕಂಕುಳಲ್ಲಿದ್ದ ಪೇಟ ಬಿಚ್ಚಿ, ಮತ್ತೆ ನಿಧಾನಕ್ಕೆ ಸುತ್ತಿಕೊಂಡು, ತಪ್ಪು ನಡೆದಿದೆ, ಅದರ ವಿಚಾರ ಆಮೇಲೆ, ಹುಡುಗಿಗೆ ನಾಳೆ ಆರು ತುಂಬುತ್ತದೆ, ಅದು ಮೊದಲು ಎಂದರು. ಇವತ್ತು ಕೂಗದಿದ್ದರೆ ಇನ್ನಿಲ್ಲ ಎಂದರು.

ಮೃದುಲಾ ನನ್ನ ಕೈ ಬಿಟ್ಟು ಕೆಳಗಿನ ಮೆಟ್ಟಿಲ ಮುಂದೆ ನಿಂತಳು. “ಈಗ ಅಪ್ಪನ್ನ ಮಾಡು,” ಎಂದಳು.

ಮಾಡಿದೆ. ಹೇಗಿತ್ತು ಎಂದು ಕೇಳಬೇಡಿ. ವರ್ಷಗಟ್ಟಲೆ ತೆಗೆಯದ ಪೆಟ್ಟಿಗೆಯ ಮುಚ್ಚಳದ ಹಾಗಿತ್ತು. ಮೊದಲ ಅಕ್ಷರ ಒಡೆಯಿತು, ಎರಡನೆಯದು ಒದ್ದೆಯಾಯಿತು. ‘ಮೃದುಲಾ, ನನ್ನ ಮಗಳು’ ಎಂಬಷ್ಟು ಹೊರಬಂತು. ಹತ್ತು ಹೆಜ್ಜೆ ಆಚೆಯವರಿಗೆ ಕೇಳಿಸಿತೋ ಇಲ್ಲವೋ. ಆದರೆ ಅದಕ್ಕೆ ಬಂದ ‘ಓ’ ಹೊಳೆಯಾಚೆಗೂ ಕೇಳಿಸಿರಬೇಕು. ಸಿದ್ರಾಮಣ್ಣನವರು ಮುಖ ಗಂಟು ಹಾಕಿಕೊಂಡೇ, ನಾಳೆ ಬರಲಿ ನೋಡೋಣ ಎಂದು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಾರನೇ ದಿನ ಎರಡು ಗಂಟೆಗೇ ಜನ ಚಾಪೆ, ಹುರಿದ ಕಡಲೆಕಾಯಿ ಹಿಡಿದು ಬಂದರು. ಮೃದುಲಾ ಹೊಸ ಲಂಗ ಉಟ್ಟು ಎಲ್ಲರಿಗೂ ಜಾಗ ತೋರಿಸಿ ಕೂರಿಸಿದಳು. ಸಿದ್ರಾಮಣ್ಣನವರು ಕಟ್ಟೆಯ ಮೇಲೆ, ಪಕ್ಕದಲ್ಲಿ ನೀಲವ್ವ, ಲಟ್ಟಣಿಗೆಯಿಲ್ಲದೆ. ನನ್ನ ಯೋಚನೆ ಒಂದೇ: ಒಡೆದುಹೋದ ಅಷ್ಟು ಸಣ್ಣ ದನಿಯನ್ನು ಕಲ್ಲು ದನಿಯೆಂದು ಒಪ್ಪಿಕೊಂಡೀತೇ? ಎರಡೂವರೆಗೆ ನಿನ್ನೆಯ ನಾಟಕ ಶುರುವಾಯಿತು. ಹೊರಗಿನವರಾದ್ದರಿಂದ ನೀಲವ್ವನವರ ಬೈಗುಳಗಳು ಬರಲಿಲ್ಲ. ಉತ್ತರಗಳು ಮಾತ್ರ ಬಂದವು. ಯಾರೂ ಏನೂ ಅನ್ನದಿದ್ದರೂ ಯಜಮಾನರ ದನಿ ಒಂದೇ ಸಮನೆ ಶೂನ್ಯಕ್ಕೆ ಗೋಗರೆಯಿತು: “ನಿಜ ಕಣೇ... ಹೌದು ಕಣೇ... ಇಲ್ಲ ಕಣೇ... ತಾಳು ಕಣೇ...” ಕಟ್ಟೆಯ ಮೇಲೆ ಕೂತವರ ಮೀಸೆ ಒಂದು ಕಡೆ ಅದುರಿತು. ಅವರು ಕೈಯಿಂದ ಅದುಮಿಕೊಂಡರು. ಆಮೇಲೆ ನಾನು ಮಾಡಿದ ಸಿದ್ರಾಮಣ್ಣ ಬಂದರು, ಕೂಗಿದ್ದು ನಾನಲ್ಲ ಎಂದು ಸಾರಿದರು. ಮೀಸೆ ಎರಡೂ ಕಡೆ ಅದುರಿತು.

ಮೂರಕ್ಕೆ ಸ್ವಲ್ಪ ಮೊದಲು ಪೇಟೆ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿತು. ಏನೂ ಬರಲಿಲ್ಲ. ಕಸ್ತೂರಿ ನನ್ನ ಅಂಗಿಯ ತೋಳು ಹಿಡಿದಳು. ಆಮೇಲೆ, ಗಾಳಿ ಕೆಮ್ಮಿದಂತೆ, ಒಡೆದದ್ದು ಒಡೆದ ಹಾಗೇ, ಒದ್ದೆಯಾದದ್ದು ಒದ್ದೆಯಾದ ಹಾಗೇ ಬಂತು. ನನ್ನ ದನಿ ನನಗೇ ಪರಿಚಯವಿರಲಿಲ್ಲ, ಆದರೆ ಕೆಟ್ಟದೇನಿರಲಿಲ್ಲ. ಅದರ ಬೆನ್ನಿಗೇ, ಆರು ವರ್ಷ ತೂತಾಗಿದ್ದ ಜಾಗದಿಂದ, ಬಂಡೆ ಬಿರಿಯುವ ಹಾಗೆ: ಓ! ಮೃದುಲಾ ತನ್ನ ದನಿ ಕೇಳಿ ಬಾಯಿ ತೆರೆದು ನಿಂತಳು. ಅವಳಿಗೆ ಮಾತು ತೋಚದೆ ಹೋದದ್ದು ಅದೇ ಮೊದಲು, ಮತ್ತು ಈವರೆಗೆ ಅದೇ ಕೊನೆ. ನಾನು ಪರದೆಯ ಹಿಂದೆ ಹೋಗಲಿಲ್ಲ. ಎಲ್ಲರ ಎದುರಿಗೇ ಪುಸ್ತಕ ತೆರೆದು ಅವಳ ಹೆಸರನ್ನು ಪುಟದ ಈ ಅಂಚಿನಿಂದ ಆ ಅಂಚಿನವರೆಗೆ ಬರೆದು, ನಿಂತೇ ಓದಿದೆ, ನನ್ನ ದನಿಯಲ್ಲಿ. ಯಜಮಾನರು ಒಪ್ಪಿಗೆಗೆ ತಲೆಯಾಡಿಸಬೇಕಿತ್ತು. ಆಡಿಸಿದರು ಕೂಡ. ಆದರೆ ತಲೆಯ ಜೊತೆ ಹೊಟ್ಟೆಯೂ ಆಡಿತು, ಹೆಗಲೂ ಆಡಿತು, ಪೇಟ ಕಳಚಿ ನೀಲವ್ವನವರ ಮಡಿಲಿಗೆ ಬಿತ್ತು. “ತಾಳು ಕಣೇ ಅಂತ... ಯಾರಿಗೋ ಅಂತೀನಲ್ಲೋ ವಿರೂಪಾಕ್ಷಿ...” ಎಂದು ಒಂದು ದಿನ ಪೂರ್ತಿ ಕಟ್ಟಿಹಿಡಿದ ನಗುವನ್ನು ಸಿದ್ರಾಮಣ್ಣನವರು ಬಿಟ್ಟರು. ಊರೆಲ್ಲ ನಕ್ಕಿತು, ಆದರೆ ಆ ನಗುವಿನ ಮುಂದೆ ಊರಿನ ನಗು ಪಿಸುಮಾತು.

ಆ ನಗು ಮಾರನೇ ದಿನ ಮೂರು ಗಂಟೆಗೆ ಮರಳಿ ಬಂತು. ಅದನ್ನು ಕೇಳಿ ಅವರಿಗೆ ಮತ್ತೆ ನಗು ಬಂತು. ಅದು ಅದರ ಮಾರನೇ ದಿನ ಬಂತು. ಹೀಗೆ ಎಷ್ಟೋ ತಿಂಗಳಾದವು. ಈಗಲೂ ಮೂರಾಯಿತೆಂದರೆ ನಾನು ಲೇಖನಿ ಕೆಳಗಿಟ್ಟು ಹೊರಗೆ ಬಂದು ಕೂರುತ್ತೇನೆ, ಮೃದುಲಾ ಅಜ್ಜನ ಪಕ್ಕ ಕಟ್ಟೆಗೆ ಹತ್ತುತ್ತಾಳೆ. ನಿನ್ನೆಯ ಸಿದ್ರಾಮಣ್ಣ ಕಲ್ಲಿನೊಳಗಿನಿಂದ ನಗಲು ಶುರುಮಾಡುತ್ತಾರೆ, ಇವತ್ತಿನ ಸಿದ್ರಾಮಣ್ಣ ಸೋಲಬಾರದೆಂದು ಅದಕ್ಕಿಂತ ಜೋರಾಗಿ ನಗುತ್ತಾರೆ.